ಕುಂಬಳಕಾಯಿ ಕಳ್ಳ ಮತ್ತು ನನ್ನ ಖಾಲಿ ಮುಷ್ಟಿ

"ಅತ್ತೆ, ನಾಣ್ಯ ಆ ಕೈಯಲ್ಲೇ ಇದೆ."

ಎಡ ಮುಷ್ಟಿಯ ಮೇಲೆ ಊದಲು ನಾನಿನ್ನೂ ಉಸಿರು ಎಳೆದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅಣ್ಣನ ಮಗಳು, ಎಂಟು ವರ್ಷದವಳು, ನನ್ನ ಬಲಗೈಯತ್ತ ಬೆರಳು ತೋರಿಸಿಬಿಟ್ಟಳು. ಅವಳದೇ ಹುಟ್ಟುಹಬ್ಬ. ಸುತ್ತ ನಿಂತಿದ್ದ ನಾಲ್ಕೈದು ಮಂದಿ ದೊಡ್ಡವರು ಮರ್ಯಾದೆಗೆಂದು ನಕ್ಕರು. ಆ ನಗು ಇದೆಯಲ್ಲ, ಅದಕ್ಕಿಂತ ಬೈದಿದ್ದರೇ ವಾಸಿ. ಒಂದು ತಿಂಗಳು ಕನ್ನಡಿಯ ಮುಂದೆ ನಿಂತು ಕಲಿತ ಕೈಚಳಕ ಒಂದು ಮಗುವಿನ ಮುಂದೆ ಹತ್ತು ಸೆಕೆಂಡೂ ಬಾಳಲಿಲ್ಲ.

ರಾತ್ರಿ ಅವಳನ್ನು ಪಕ್ಕಕ್ಕೆ ಕರೆದು ಕೇಳಿದೆ. "ಹೇಗೆ ಗೊತ್ತಾಯ್ತೇ ನಿಂಗೆ? ನಾಣ್ಯ ಕಾಣಿಸ್ತಾ?"

"ಇಲ್ಲ. ನೀನೇ ಆ ಕೈ ನೋಡಿದೆಯಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಇನ್ನೂ ಯಾರೂ ಕಳ್ಳ ಅನ್ನುವ ಮೊದಲೇ ಮುಟ್ಟಿ ನೋಡಿಕೊಂಡಿದ್ದೆ.

ಈ ಗೀಳು ಹತ್ತಿದ್ದು ಒಂದು ರೈಲು ಪ್ರಯಾಣದಲ್ಲಿ. ಎದುರು ಸೀಟಿನಲ್ಲಿದ್ದವರು ಮಗುವೊಂದನ್ನು ಸಮಾಧಾನ ಮಾಡಲು, ರಬ್ಬರ್ ಬ್ಯಾಂಡನ್ನು ತೋರುಬೆರಳು, ನಡುಬೆರಳಿಗೆ ಸಿಕ್ಕಿಸಿಕೊಂಡು ಮುಷ್ಟಿ ಮಡಚಿ ಬಿಚ್ಚಿದರು. ಬ್ಯಾಂಡು ಉಂಗುರ ಬೆರಳು, ಕಿರುಬೆರಳಿಗೆ ಹಾರಿತ್ತು. ಮುಷ್ಟಿ ಮಡಚುವಾಗ ನಾಲ್ಕೂ ಬೆರಳ ತುದಿಗಳನ್ನು ಬ್ಯಾಂಡಿನೊಳಗೆ ತೂರಿಸಿದರಾಯಿತು, ಬಿಚ್ಚಿದಾಗ ಅದು ತಾನೇ ಜಿಗಿಯುತ್ತದೆ. ಶಾಲೆಯ ಮಕ್ಕಳಿಗೂ ಗೊತ್ತಿರುವ ಗುಟ್ಟು, ಹೇಳಿದರೆ ಪಾಪ ಬರಲಾರದು. ಮಗು ಅಳು ನಿಲ್ಲಿಸಿತು. ನಾನು ಮಾತ್ರ ಇಳಿಯುವ ನಿಲ್ದಾಣ ಬರುವ ತನಕ ಅದನ್ನೇ ಮಾಡುತ್ತಾ ಕೂತೆ.

ಆಮೇಲೆ ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆ. ಬಣ್ಣದ ಡಬ್ಬಿ, ಸುಳ್ಳು ತಳದ ಲೋಟ, ಎರಡು ಪದರದ ಚೀಲ ಅಂತೆಲ್ಲ ಕೊಂಡೆ. ಅವುಗಳನ್ನು ತೆಗೆದ ಕೂಡಲೇ ಜನ ಕೇಳುವುದು ಒಂದೇ ಮಾತು: "ಎಲ್ಲಿ, ಕೊಡಿ ನೋಡೋಣ." ಹೊಳೆಯುವ ಡಬ್ಬಿ ತಾನೇ ಎದ್ದು ನಿಂತು ನನ್ನೊಳಗೆ ಗುಟ್ಟಿದೆ ಎಂದು ಹೇಳುತ್ತದೆ. ಎದುರಿನವರೇ ಜೇಬಿನಿಂದ ತೆಗೆದುಕೊಟ್ಟ ನಾಣ್ಯವನ್ನು ಯಾರೂ ಹಾಗೆ ಕೇಳುವುದಿಲ್ಲ. ಪೆನ್ನು, ಬೆಂಕಿಕಡ್ಡಿ, ಕಾಗದದ ನ್ಯಾಪ್ಕಿನ್, ಬೀಗದ ಕೈ, ಇವಕ್ಕೆಲ್ಲ ಆ ಗುಣವಿದೆ. ಅನುಮಾನ ವಸ್ತುವಿನ ಮೇಲೆ ಬೀಳುವುದಿಲ್ಲ, ನಿಜ. ಆದರೆ ಅದಕ್ಕೊಂದು ಜಾಗ ಬೇಕಲ್ಲ, ನೇರ ನಮ್ಮ ಮೇಲೆಯೇ ಬೀಳುತ್ತದೆ. ಹುಟ್ಟುಹಬ್ಬದ ದಿನ ಆದದ್ದು ಅದೇ.

ನಾಣ್ಯ ಮಾಯ ಮಾಡುವ ಮೂಲ ಪಾಠ ಬಹಳ ಸರಳ. ಬಲಗೈಯಲ್ಲಿರುವ ನಾಣ್ಯವನ್ನು ಎಡಗೈಗೆ ಕೊಟ್ಟಂತೆ ಮಾಡಿ, ನಿಜವಾಗಿ ಬಲಗೈಯಲ್ಲೇ ಉಳಿಸಿಕೊಳ್ಳುವುದು. ಉಳಿಸಿಕೊಳ್ಳುವ ಜಾಗ ನಡುಬೆರಳು, ಉಂಗುರ ಬೆರಳುಗಳ ಬುಡ. ಬೆರಳು ಸ್ವಲ್ಪ ಬಾಗಿದ್ದರೆ ನಾಣ್ಯ ಅಲ್ಲಿ ಹಾಯಾಗಿ ಮಲಗುತ್ತದೆ. ಅಂಚಿನಲ್ಲಿ ಗೀರುಗಳಿರುವ ನಾಣ್ಯ ಚರ್ಮಕ್ಕೆ ಚೆನ್ನಾಗಿ ಕಚ್ಚಿಕೊಳ್ಳುತ್ತದೆ, ಸವೆದು ನುಣುಪಾದದ್ದು ಬೆವರಿಗೆ ಜಾರುತ್ತದೆ. ಇಷ್ಟನ್ನು ಕಲಿಯಲು ನನಗೆ ಒಂದು ವಾರ ಸಾಕಾಯಿತು. ಕೊಡದೇ ಇರುವುದನ್ನು ಕೊಟ್ಟೆ ಎಂದು ನಾನೇ ನಂಬಲು ಮಾತ್ರ ವರ್ಷ ಹಿಡಿಯಿತು.

ಕನ್ನಡಿ ಬಿಟ್ಟೆ. ಕನ್ನಡಿಯ ಮುಂದೆ ಅಭ್ಯಾಸ ಮಾಡುವವರಿಗೆ ಒಂದು ವಿಚಿತ್ರ ಚಾಳಿ ಅಂಟುತ್ತದೆ: ಕದಿಯುವ ಆ ಕ್ಷಣಕ್ಕೆ ಸರಿಯಾಗಿ ಕಣ್ಣು ರೆಪ್ಪೆ ಬಡಿದುಬಿಡುತ್ತದೆ. ತನ್ನ ಕಳ್ಳತನವನ್ನು ತಾನೇ ನೋಡಲು ಯಾರಿಗೆ ಮನಸ್ಸು ಬರುತ್ತದೆ? ಬದಲಿಗೆ ಫೋನನ್ನು ಪುಸ್ತಕಗಳಿಗೆ ಒರಗಿಸಿಟ್ಟು ವಿಡಿಯೊ ಮಾಡಿದೆ. ಮೊದಲು ಐವತ್ತು ಸಲ ನಾಣ್ಯವನ್ನು ನಿಜವಾಗಿಯೇ ಎಡಗೈಗೆ ಕೊಟ್ಟೆ, ಆಮೇಲೆ ಐವತ್ತು ಸಲ ಸುಳ್ಳಾಗಿ. ಎರಡನ್ನೂ ಅಕ್ಕಪಕ್ಕ ನೋಡಿದರೆ ನಗು ಬರುತ್ತಿತ್ತು. ನಿಜವಾಗಿ ಕೊಟ್ಟಾಗ ಬಲಗೈ ಕೆಲಸ ಮುಗಿಸಿದ ಆಳಿನ ಹಾಗೆ ಜೋತು ಬೀಳುತ್ತದೆ, ಎಡ ಮುಷ್ಟಿ ಸಡಿಲವಾಗಿ ಉಬ್ಬಿರುತ್ತದೆ, ತಲೆ ನಾಣ್ಯದ ಜತೆ ಎಡಕ್ಕೆ ಹೊರಳುತ್ತದೆ. ಸುಳ್ಳಾಗಿ ಕೊಟ್ಟಾಗ ಬಲಗೈ ಪಟ್ಟಿ ಕಟ್ಟಿದ ಕೈಯಂತೆ ಸೆಟೆದಿದೆ, ಹೆಬ್ಬೆರಳು ನೆಟ್ಟಗೆ ನಿಂತಿದೆ, ಎಡ ಮುಷ್ಟಿ ಯಾರನ್ನೋ ಗುದ್ದಲು ಹೊರಟಂತೆ ಬಿಗಿದಿದೆ. ಕಣ್ಣು? ಅರ್ಧ ಕ್ಷಣ ಬಲಕ್ಕೆ ಹೋಗಿ ಬಂದಿದೆ. ಎಂಟು ವರ್ಷದವಳಿಗೆ ಅಷ್ಟು ಸಾಕಾಗಿತ್ತು.

ಹೀಗೆ ಚಿತ್ರ ತೆಗೆದು ನೋಡುವುದು ಹೊಸದೇನಲ್ಲ ಎಂದು ಆಮೇಲೆ ತಿಳಿಯಿತು. ಬುದ್ಧಿಮತ್ತೆ ಪರೀಕ್ಷೆಗಳಿಂದ ಹೆಸರಾದ ಫ್ರೆಂಚ್ ಮನಶ್ಶಾಸ್ತ್ರಜ್ಞ ಆಲ್ಫ್ರೆಡ್ ಬಿನೆ ಜಾದೂಗಾರರ ಕೈಗಳ ಸಾಲುಚಿತ್ರಗಳನ್ನು ತೆಗೆಸಿ, 1894ರಲ್ಲಿ ಈ ವಿದ್ಯೆಯ ಮನಶ್ಶಾಸ್ತ್ರದ ಬಗ್ಗೆ ಬರೆದಿದ್ದರು. ಎದುರಿಗೆ ನಿಂತು ನೋಡಿದಾಗ ಮೋಸ ಹೋಗುವ ಕಣ್ಣು, ಅದೇ ಚಲನೆಯನ್ನು ಬಿಡಿಬಿಡಿ ಚಿತ್ರವಾಗಿ ಕಂಡರೆ ಮೋಸ ಹೋಗುವುದಿಲ್ಲ. ನನ್ನ ಫೋನಿನಲ್ಲೂ ಅಷ್ಟೇ. ನಿಲ್ಲಿಸಿ ನಿಲ್ಲಿಸಿ ನೋಡಿದರೆ ನಾಣ್ಯ ರಾಜಾರೋಷವಾಗಿ ಬಲಗೈಯಲ್ಲೇ ಕೂತಿದೆ. ಓಡಿಸಿದರೆ ಎಡಕ್ಕೆ ಹೋದಂತೆಯೇ ಕಾಣುತ್ತದೆ, ಅದೂ ನನ್ನ ಕಣ್ಣು ಎಡಕ್ಕೆ ಹೋಗಿದ್ದರೆ ಮಾತ್ರ.

ಕಣ್ಣಿನ ಪಾತ್ರ ಎಷ್ಟು ದೊಡ್ಡದು ಎಂಬುದಕ್ಕೆ ಗುಸ್ತಾವ್ ಕೂನ್ ಮತ್ತು ಮೈಕೆಲ್ ಲ್ಯಾಂಡ್ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಕೂನ್ ಸ್ವತಃ ಜಾದೂ ಮಾಡುವವರು. ಚೆಂಡನ್ನು ನಿಜವಾಗಿ ಮೇಲಕ್ಕೆ ಎಸೆದು ಹಿಡಿದು, ಕೊನೆಯ ಸಲ ಎಸೆದಂತೆ ನಟಿಸಿ ಅಂಗೈಯಲ್ಲೇ ಅಡಗಿಸಿಕೊಂಡರು. ಅವರು ತಲೆಯೆತ್ತಿ ಮೇಲೆ ನೋಡಿದಾಗ ನೋಡುಗರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಚೆಂಡು ಮೇಲೆ ಹೋದದ್ದನ್ನು 'ಕಂಡರು'. ಕೈಯತ್ತ ನೋಡಿದಾಗ ಹಾಗೆ ಕಂಡವರು ಸುಮಾರು ಮೂರರಲ್ಲಿ ಒಂದು ಪಾಲು. ಚೆಂಡು ಎರಡು ಸಲವೂ ಕೈಬಿಟ್ಟಿರಲಿಲ್ಲ. ನಾನು ಇದನ್ನು ಓದಿದ ದಿನ ಬೆರಳುಗಳ ಮೇಲಿನ ಸಿಟ್ಟು ಇಳಿಯಿತು. ಪಾಪ, ಅವು ತಮ್ಮ ಕೆಲಸ ಮಾಡಿದ್ದವು.

ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಅದಕ್ಕೆ ಮದ್ದು ಸಿಕ್ಕಿದ್ದು ಹೀಗೆ. ಕಳೆದ ಶತಮಾನದ ಆರಂಭಕ್ಕೆ ನಾಣ್ಯಗಳ ರಾಜ ಎನಿಸಿಕೊಂಡಿದ್ದ ಅಮೆರಿಕದ ಟಿ. ನೆಲ್ಸನ್ ಡೌನ್ಸ್ ಮೊದಲು ರೈಲ್ವೆಯಲ್ಲಿ ಟೆಲಿಗ್ರಾಫ್ ಕೆಲಸದಲ್ಲಿದ್ದವರು. ಕೆಲಸದ ನಡುವೆಯೇ ನಾಣ್ಯ ಹಿಡಿದು ಕೈ ಪಳಗಿಸಿಕೊಂಡವರು. ನಾನೂ ಬೆಳಿಗ್ಗೆ ಎದ್ದು ಬಲಗೈ ಬೆರಳ ಬುಡದಲ್ಲಿ ಒಂದು ನಾಣ್ಯ ಇಟ್ಟುಕೊಂಡೇ ದಿನ ಶುರು ಮಾಡಿದೆ. ಬಾಗಿಲು ತೆಗೆಯುವುದು, ಫೋನ್ ಎತ್ತುವುದು, ಸಹಿ ಹಾಕುವುದು, ಬಟ್ಟೆ ಮಡಚುವುದು, ಎಲ್ಲವೂ ನಾಣ್ಯದ ಜತೆಗೇ. ಮೊದಲ ವಾರ ದಿನಕ್ಕೆ ಇಪ್ಪತ್ತು ಸಲ ಬಿತ್ತು. ಲಿಫ್ಟಿನಲ್ಲಿ ಬಿದ್ದಾಗ ಪಕ್ಕದವರು ಹೆಕ್ಕಿ ಕೊಟ್ಟು, "ತುಂಬಾ ಟೆನ್ಷನ್ನಲ್ಲಿದ್ದೀರಾ?" ಎಂದು ವಿಚಾರಿಸಿದರು. ಮೂರನೆಯ ವಾರ ಒಂದು ಮಧ್ಯಾಹ್ನ ನಾಣ್ಯ ಎಲ್ಲಿಟ್ಟೆನೆಂದು ಮನೆಯೆಲ್ಲ ಹುಡುಕಿದೆ. ಕೈಯಲ್ಲೇ ಇತ್ತು. ಅವತ್ತು ನನಗಾದ ಸಂತೋಷವನ್ನು ಯಾರಿಗೆ ಹೇಳುವುದು, ಹೇಗೆ ಹೇಳುವುದು!

ಅಷ್ಟಾದ ಮೇಲೆ ಒಂಬತ್ತು ಟ್ರಿಕ್ಕುಗಳನ್ನು ಕಲಿತು ಐದನ್ನು ಬಿಟ್ಟೆ. ಉಳಿದವು ನಾಣ್ಯ, ರಬ್ಬರ್ ಬ್ಯಾಂಡು, ಕರವಸ್ತ್ರದೊಳಗೆ ಮುರಿದ ಬೆಂಕಿಕಡ್ಡಿ ಕೂಡಿಕೊಳ್ಳುವುದು, ಮೇಜಿಗೆ ಕೂತಾಗ ಉಪ್ಪಿನ ಡಬ್ಬಿ. ಬಿಟ್ಟವುಗಳಲ್ಲಿ ಹೆಚ್ಚಿನವು ಜೇಬಿನ ಕಾರಣಕ್ಕೆ ಹೋದವು. ಈ ವಿದ್ಯೆಯ ಹಳೆಯ ಪಾಠಗಳನ್ನು ಬರೆದವರೆಲ್ಲ ಕೋಟು ತೊಟ್ಟ ಗಂಡಸರು. 'ಈಗ ಸಹಜವಾಗಿ ಕೋಟಿನ ಎಡ ಜೇಬಿಗೆ ಕೈಹಾಕಿ' ಎಂದು ಬರೆದುಬಿಡುತ್ತಾರೆ. ನನ್ನ ಉಡುಪಿಗೆ ಜೇಬೇ ಇಲ್ಲ, ಇದ್ದರೂ ಅದು ದರ್ಜಿ ಶೋಕಿಗೆ ಹೊಲಿದ ಬಾಯಿ ಮುಚ್ಚಿದ ಜೇಬು. ಕೊನೆಗೆ ಎರಡು ಒಳಜೇಬು ಹೊಲಿಸಿಕೊಂಡೆ. ಬಲದ್ದರಲ್ಲಿ ನಾಣ್ಯ, ಎಡದ್ದರಲ್ಲಿ ಉಳಿದದ್ದು, ಈ ಕ್ರಮ ತಪ್ಪುವುದಿಲ್ಲ. ಜನರ ಎದುರು ಜೇಬು ತಡಕಾಡುವುದಕ್ಕಿಂತ ಟ್ರಿಕ್ ಮಾಡದೆ ಸುಮ್ಮನಿರುವುದು ಲೇಸು.

ಕೂಟಗಳಲ್ಲಿ ಕಷ್ಟದ್ದು ಮಾಯ ಮಾಡುವುದಲ್ಲ, ಹತ್ತಿರ ಹೋಗುವುದು. "ಒಂದು ಮ್ಯಾಜಿಕ್ ತೋರಿಸ್ಲಾ?" ಎಂದರೆ ಜನ ಕೈಕಟ್ಟಿ ಪರೀಕ್ಷಕರಾಗಿ ನಿಲ್ಲುತ್ತಾರೆ. ತಟ್ಟೆ ಕೈಯಲ್ಲಿದ್ದಾಗ ಹೋಗಬಾರದು, ಅವರ ಕೈ ಖಾಲಿಯಿರುವುದಿಲ್ಲ, ಮನಸ್ಸೂ ಅಷ್ಟೇ. ಇಬ್ಬರು ತಲೆಗೆ ತಲೆ ಕೊಟ್ಟು ಮಾತಾಡುತ್ತಿದ್ದರೆ ದೂರವೇ ಉಳಿಯಬೇಕು. ಎಲ್ಲರೂ ಯಾವುದಕ್ಕೋ ಕಾಯುತ್ತಾ, ಮಾತು ತೀರಿ, ಫೋನು ತೆಗೆಯುವ ಮುಂಚಿನ ಆ ಒಂದು ಗಳಿಗೆ ಇದೆಯಲ್ಲ, ಅದು ನನ್ನದು. ಆಗಲೂ ಮ್ಯಾಜಿಕ್ ಎಂಬ ಪದ ಎತ್ತುವುದಿಲ್ಲ. "ಈ ರಬ್ಬರ್ ಬ್ಯಾಂಡ್ ಒಂದು ನಿಮಿಷ ಹಿಡ್ಕೊಳ್ತೀರಾ?" ಅಷ್ಟೇ. ಬೇಡ ಅಂದವರು ಈವರೆಗೆ ಇಬ್ಬರೇ.

ನಿಲ್ಲುವ ಜಾಗವೂ ನಾನು ಪೆಟ್ಟು ತಿಂದೇ ಕಲಿತದ್ದು. ಗೆಳತಿಯ ಮದುವೆಯ ಸಂಜೆ ಹಾಲ್‌ನ ನಟ್ಟನಡುವೆ ನಿಂತು ನಾಣ್ಯ ಮಾಯ ಮಾಡಿದೆ. ಎದುರಿದ್ದವರು ಬೆರಗಾದರು. ಬೆನ್ನ ಹಿಂದಿನಿಂದ ಒಬ್ಬ ಹಿರಿಯರು, "ಇಲ್ಲಿಂದ ಎಲ್ಲಾ ಸ್ವಚ್ಛವಾಗಿ ಕಾಣಿಸ್ತದಮ್ಮ" ಎಂದರು. ಬಹಳ ಪ್ರೀತಿಯಿಂದಲೇ ಅಂದರು. ಅಂದಿನಿಂದ ಗೋಡೆಗೆ ಬೆನ್ನು ಕೊಡದೆ ನಾಣ್ಯ ಮುಟ್ಟುವುದಿಲ್ಲ.

ಅದೇ ಸಂಜೆ ಇನ್ನೊಂದು ಅವಾಂತರ ನಡೆಯಿತು. ಎರವಲು ಉಂಗುರ ಮಾಯವಾಗಿ ನನ್ನ ಬೀಗದ ಕೈಗೊಂಚಲಿನಲ್ಲಿ ಪ್ರತ್ಯಕ್ಷವಾಗಬೇಕು, ಅದು ಟ್ರಿಕ್ಕು. ಒಬ್ಬರಿಂದ ಉಂಗುರ ಪಡೆದೆ. ಅದರಲ್ಲಿ ಎದ್ದುನಿಂತ ಕಲ್ಲಿತ್ತು. ಮನೆಯಲ್ಲಿ ನಾನು ಅಭ್ಯಾಸ ಮಾಡಿದ್ದು ನುಣುಪಾದ ಬಳೆಯಂಥ ಉಂಗುರದಲ್ಲಿ. ಕಲ್ಲು ಬೆರಳಿಗೆ ತೊಡರಿ, ಉಂಗುರ ಚಿಮ್ಮಿ, ಸೋಫಾದ ಸಂದಿಗೆ ಇಳಿದುಹೋಯಿತು. ಆ ಕ್ಷಣ ನಾನು ಹೇಳಬೇಕಾದ ಮಾತು "ಕೈಜಾರಿತು" ಎಂದಿತ್ತು. ಬದಲಿಗೆ, "ನೋಡಿ, ಮಾಯ!" ಅಂದುಬಿಟ್ಟೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಕೆ ಕೈ ಚಾಚಿ ಕಾಯುತ್ತಾ ನಿಂತರು. ಒಂದು ನಿಮಿಷ, ಎರಡು ನಿಮಿಷ. ಕೊನೆಗೆ ಸತ್ಯ ಹೇಳಿ, ದಿಂಬು ಕಿತ್ತು, ಸಂದಿಗೆ ಮೊಣಕೈವರೆಗೆ ಕೈಹಾಕಿ, ಫೋನಿನ ಟಾರ್ಚ್ ಬಿಟ್ಟು ಹುಡುಕಿದೆವು. ಇಪ್ಪತ್ತು ನಿಮಿಷಕ್ಕೆ ಸಿಕ್ಕಿತು. ಆಕೆ ಒಂದು ಮಾತೂ ಬೈಯಲಿಲ್ಲ. ಉಂಗುರವನ್ನು ಸೆರಗಿನಿಂದ ಒರೆಸಿ ಹಾಕಿಕೊಂಡು, ಬೆರಳನ್ನು ಇನ್ನೊಂದು ಕೈಯಿಂದ ಮುಚ್ಚಿ ಹಿಡಿದು ಕೂತರು. ಮರಳಿ ನನ್ನತ್ತ ನೋಡಲಿಲ್ಲ. ಆ ಮುಚ್ಚಿದ ಕೈಯ ನೆನಪಿನಿಂದಾಗಿ ಈಗ ಕಳೆದರೂ ನಷ್ಟವಾಗದ ವಸ್ತುಗಳನ್ನು ಮಾತ್ರ ಎರವಲು ಕೇಳುತ್ತೇನೆ. ಆ ಟ್ರಿಕ್ಕಂತೂ ಬಿಟ್ಟ ಐದರ ಪಟ್ಟಿಗೆ ಸೇರಿತು.

ನನಗೆ ಅತಿ ಪ್ರಿಯವಾದದ್ದು ಉಪ್ಪಿನ ಡಬ್ಬಿಯದು. ಇದಕ್ಕೆ ಮೇಜು ಬೇಕು, ಕೂತಿರಬೇಕು. ಮೇಜಿನ ಮೇಲೆ ಒಂದು ನಾಣ್ಯವಿಟ್ಟು, ಉಪ್ಪಿನ ಡಬ್ಬಿಗೆ ಕಾಗದದ ನ್ಯಾಪ್ಕಿನ್ ಬಿಗಿಯಾಗಿ ಸುತ್ತಿ ಅದರ ಮೇಲೆ ಮುಚ್ಚುತ್ತೇನೆ. ನಾಣ್ಯ ಮೇಜನ್ನು ತೂರಿ ಕೆಳಗೆ ಹೋಗುತ್ತದೆಂದು ಸಾರುತ್ತೇನೆ. ಎತ್ತಿದರೆ ನಾಣ್ಯ ಅಲ್ಲೇ ಇದೆ. ಎಲ್ಲರೂ ನಾಣ್ಯ ನೋಡಿ ನಗುತ್ತಾರೆ, ನಾನು ಪೆಚ್ಚಾದಂತೆ ಮುಖ ಮಾಡುತ್ತೇನೆ. ಆ ಪೆಚ್ಚುಮೋರೆಯ ಹೊತ್ತಿಗೆ ಕಾಗದದೊಳಗಿನ ಡಬ್ಬಿ ಮೇಜಿನ ಅಂಚಿನಾಚೆ ನನ್ನ ಮಡಿಲಿಗೆ ಇಳಿದಿರುತ್ತದೆ. ಕಾಗದ ಮಾತ್ರ ಡಬ್ಬಿಯ ಆಕಾರ ಬಿಡದೆ ನಿಂತಿರುತ್ತದೆ. ಅದನ್ನು ಮತ್ತೆ ನಾಣ್ಯದ ಮೇಲಿಟ್ಟು ಅಂಗೈಯಿಂದ ಬಡಿದರೆ, ಚಪ್ಪಟೆ! ತೂರಿಹೋದದ್ದು ನಾಣ್ಯವಲ್ಲ, ಡಬ್ಬಿ. ಮೇಜಿನಡಿಯಿಂದ ಅದನ್ನು ತೆಗೆದು ಇಡುತ್ತೇನೆ. ಕೋಟಿನವರ ಪಾಠಗಳ ಎದುರು ನನಗಿರುವ ಒಂದೇ ಅನುಕೂಲ ಇಲ್ಲಿದೆ: ಪ್ಯಾಂಟು ತೊಟ್ಟವರು ಮೊಣಕಾಲು ಜೋಡಿಸಲು ಮರೆತರೆ ಡಬ್ಬಿ ನೆಲಕ್ಕೆ, ಸಡಿಲ ಉಡುಪಿನ ಮಡಿಲು ತೊಟ್ಟಿಲಿನ ಹಾಗೆ ಹಿಡಿದುಕೊಳ್ಳುತ್ತದೆ.

ಮಡಿಲಿಗೆ ಇಳಿಸುವ ಈ ಕಲೆಯಲ್ಲಿ ಟೋನಿ ಸ್ಲೈಡಿನಿ ದೊಡ್ಡ ಹೆಸರು. ಎದುರು ಕೂತವರ ತಲೆಯ ಮೇಲಿಂದ ಕಾಗದದ ಉಂಡೆಗಳನ್ನು ಹಿಂದಕ್ಕೆ ಎಸೆದು ಮಾಯ ಮಾಡುವ ಅವರ ಆಟವೂ ಪ್ರಸಿದ್ಧ. ಉಳಿದವರಿಗೆಲ್ಲ ಉಂಡೆ ಹಾರುವುದು ಕಾಣುತ್ತದೆ, ಆ ಒಬ್ಬರಿಗೆ ಮಾತ್ರ ಕಾಣುವುದಿಲ್ಲ. ಸ್ಲೈಡಿನಿ ಅದನ್ನು ಬಹಳ ಮೃದುವಾಗಿ ಮಾಡುತ್ತಿದ್ದರು. ನಾನು ಒಮ್ಮೆ ಮಾಡಿದೆ. ಕೂಟ ಬಿದ್ದು ಬಿದ್ದು ನಕ್ಕಿತು, ಕುರ್ಚಿಯಲ್ಲಿದ್ದವರೂ ನಕ್ಕರು, ಆದರೆ ಅವರ ಕಿವಿ ಕೆಂಪಾಗಿತ್ತು. ಒಬ್ಬರನ್ನು ನಡುವೆ ಕೂರಿಸಿ ಇಪ್ಪತ್ತು ಜನ ನಗುವ ಆಟ ನನ್ನ ಕೈಗೆ ಒಗ್ಗುವುದಲ್ಲ.

"ಇನ್ನೊಂದ್ಸಲ ಮಾಡಿ" ಎಂಬುದು ಎಲ್ಲ ಕಡೆ ಬರುವ ಕೋರಿಕೆ. ಯಾವ ಟ್ರಿಕ್ಕನ್ನಾದರೂ ಮೂರು ಸಲ ತೋರಿಸಿದರೆ ಗುಟ್ಟು ಹೇಳಬಲ್ಲೆ ಎನ್ನುತ್ತಿದ್ದ ಹೆಸರಾಂತ ಜಾದೂಗಾರ ಹೂಡಿನಿಯನ್ನು 1922ರಲ್ಲಿ ಇಸ್ಪೀಟಿನ ಕೈಚಳಕದಲ್ಲಿ ಪಳಗಿದ ಡೈ ವರ್ನನ್ ಒಂದೇ ಇಸ್ಪೀಟಿನ ಆಟವನ್ನು ಮತ್ತೆ ಮತ್ತೆ ತೋರಿಸಿ ಸೋಲಿಸಿದರು. ಅದು ವರ್ನನ್. ನಾನು ನಾಣ್ಯ ಒಳಗಿಟ್ಟು ರಬ್ಬರ್ ಬ್ಯಾಂಡ್ ತೆಗೆಯುತ್ತೇನೆ.

ಒಂದು ಕೂಟದಲ್ಲಿ ಮಾತ್ರ ಬೇರೆಯೇ ಕೋರಿಕೆ ಬಂತು. ಎಲ್ಲ ಮುಗಿದ ಮೇಲೆ ಒಬ್ಬ ಹೆಂಗಸು ನನ್ನನ್ನು ಮೂಲೆಗೆ ಕರೆದು ತಗ್ಗಿದ ದನಿಯಲ್ಲಿ ಕೇಳಿದರು. "ನಿಮ್ಮಿಂದ ಇಷ್ಟೆಲ್ಲ ಆಗುತ್ತಲ್ಲ. ನಮ್ಮ ಮನೆಯವರ ಕುಡಿತ ಬಿಡಿಸೋಕೆ ಏನಾದ್ರೂ ಮಾಡ್ತೀರಾ?" ತಮಾಷೆಯಲ್ಲ, ಕಣ್ಣಲ್ಲಿ ನೀರಿತ್ತು. ನಾನು ತಡವರಿಸಿದೆ. ನಾಣ್ಯ ಕೈಚಳಕಗಳನ್ನು ಇಂಗ್ಲಿಷಿನಲ್ಲಿ ಅಚ್ಚಿಗೆ ತಂದ ಮೊದಲಿಗರಲ್ಲಿ ಒಬ್ಬ ರೆಜಿನಾಲ್ಡ್ ಸ್ಕಾಟ್. 1584ರಲ್ಲಿ ಆತ ಬರೆದದ್ದು ಮ್ಯಾಜಿಕ್ ಕಲಿಸಲಲ್ಲ, ಮಾಟಗಾತಿಯರೆಂದು ಹಿಡಿದು ಕೊಲ್ಲುತ್ತಿದ್ದ ಹೆಂಗಸರಲ್ಲಿ ಯಾವ ಶಕ್ತಿಯೂ ಇಲ್ಲ, ಅದ್ಭುತವೆಂದು ಕಾಣುವುದರ ಹಿಂದೆ ಬರೀ ಕೈಚಳಕವಿರಬಹುದು ಎಂದು ತೋರಿಸಲು. ಗುಟ್ಟು ಬಿಟ್ಟುಕೊಡಬಾರದೆಂಬ ನಿಯಮಕ್ಕಿಂತ ಆತನ ಕೆಲಸವೇ ಹಿರಿದೆಂದು ನನಗೆ ಆ ಮೂಲೆಯಲ್ಲಿ ಅನಿಸಿತು. ನಾಣ್ಯ ತೆಗೆದು, ಮಾಯ ಮಾಡಿ, ಬಲಗೈ ಬಿಚ್ಚಿ ತೋರಿಸಿದೆ. "ನೋಡಿ, ಇಷ್ಟೇ ಅಮ್ಮ. ನನಗೆ ಬರೋದು ಇಷ್ಟೇ." ಅವರು ಬಹಳ ಹೊತ್ತು ಆ ನಾಣ್ಯವನ್ನೇ ನೋಡಿದರು. ಆಮೇಲೆ ಕುಡಿತ ಬಿಡಿಸಲು ವೈದ್ಯರ ನೆರವು ಸಿಗುವ ಬಗ್ಗೆ ಸ್ವಲ್ಪ ಮಾತಾಡಿದೆವು. ಹೋಗುವಾಗ ಅವರ ಮುಖದಲ್ಲಿದ್ದದ್ದು ನಿರಾಸೆಯೋ ಸಮಾಧಾನವೋ, ನನಗೆ ಓದಲಾಗಲಿಲ್ಲ.

ಈ ವಿದ್ಯೆಯವರ ನಡುವೆ ಒಂದು ಮಾತು ಓಡಾಡುತ್ತದೆ: ಯಾರೂ ಬೆನ್ನಟ್ಟದೇ ಇರುವಾಗ ಓಡಬೇಡ. ಅದು ನನಗೆ ಅರ್ಥವಾದದ್ದು ಹೋದ ವರ್ಷ, ಅಣ್ಣನ ಸಹೋದ್ಯೋಗಿಯೊಬ್ಬರ ನಿವೃತ್ತಿಯ ಬೀಳ್ಕೊಡುಗೆಯಲ್ಲಿ. ನಿವೃತ್ತರಾಗುತ್ತಿದ್ದವರೇ ಕುರ್ಚಿಯಲ್ಲಿ ಕೂತು ತಮ್ಮ ನಾಣ್ಯ ಕೊಟ್ಟಿದ್ದರು. ಎಂಟು ಹತ್ತು ಮಂದಿ ಸುತ್ತ. ಎಡ ಮುಷ್ಟಿಗೆ ಕೊಟ್ಟೆ, ಅಂದರೆ ಕೊಡಲಿಲ್ಲ. ಬಲಗೈ ಸಡಿಲವಾಗಿ ಜೋತುಬಿತ್ತು. ಅಂಗೈ ಬೆವರಿತ್ತೋ ಏನೋ, ನಾಣ್ಯ ನುಣುಪಾಗಿತ್ತೋ ಏನೋ, ಬೆರಳ ಬುಡ ಖಾಲಿಯಾದದ್ದು ಗೊತ್ತಾಯಿತು. ನಾಣ್ಯ ದಪ್ಪ ಜಮಖಾನದ ಮೇಲೆ ಬಿದ್ದು ಸದ್ದಿಲ್ಲದೆ ಎಲ್ಲಿಗೋ ಉರುಳಿತ್ತು.

ಮೊದಲಿನ ನಾನಾಗಿದ್ದರೆ ಕೆಳಗೆ ನೋಡುತ್ತಿದ್ದೆ. ನಾನು ಎಡ ಮುಷ್ಟಿಯನ್ನೇ ನೋಡುತ್ತಿದ್ದೆ, ಏಕೆಂದರೆ ನಾಣ್ಯ ಅಲ್ಲಿತ್ತು. ನಿಧಾನವಾಗಿ ಊದಿ ಒಂದೊಂದೇ ಬೆರಳು ಬಿಚ್ಚಿದೆ. ಖಾಲಿ. ಬಲಗೈಯನ್ನೂ ಬಿಚ್ಚಿದೆ, ಅದೂ ಖಾಲಿ, ನನ್ನ ಜೀವಮಾನದಲ್ಲೇ ಅಷ್ಟು ಖಾಲಿ ಕೈ ತೋರಿಸಿರಲಿಲ್ಲ. ಜನ ಹೋ ಎಂದರು. "ನಾಣ್ಯ ಎಲ್ಲಿ?" ಎಂದರು ಅವರು. "ಬರುತ್ತೆ ಸರ್, ಅದಕ್ಕೆ ಮನಸ್ಸು ಬಂದಾಗ," ಅಂದು ರಬ್ಬರ್ ಬ್ಯಾಂಡ್ ತೆಗೆದೆ.

ಹತ್ತು ನಿಮಿಷದ ಮೇಲೆ ಭಾಷಣಕ್ಕೆಂದು ಎದ್ದು ಕುರ್ಚಿ ಸರಿಸಿದವರು ಬಗ್ಗಿ ಏನನ್ನೋ ಎತ್ತಿಕೊಂಡರು. ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಮೈಕ್ ಹಿಡಿದು, ನಲವತ್ತು ವರ್ಷದ ಸೇವೆಯ ಬಗ್ಗೆ ಒಂದಕ್ಷರ ಆಡುವ ಮೊದಲು, ಮಾಯವಾದ ನಾಣ್ಯ ತಾವು ಕೂತ ಕುರ್ಚಿಯ ಕೆಳಗೇ ಸಿಕ್ಕಿತೆಂದು ಇಡೀ ಹಾಲ್‌ಗೆ ಸಾರಿದರು. ಅವರು ಈಗಲೂ ಕಂಡಕಂಡವರಿಗೆ ಅದನ್ನೇ ಹೇಳುತ್ತಾರಂತೆ.

ಮನೆಗೆ ಮರಳುವಾಗ ಅಣ್ಣನ ಮಗಳು ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತಿದ್ದಳು. ಹನ್ನೊಂದು ತುಂಬಿದೆ ಈಗ. ಬಹಳ ಹೊತ್ತು ಕಿಟಕಿಯಾಚೆ ನೋಡುತ್ತಿದ್ದವಳು ಅಪ್ಪನಿಗೆ ಕೇಳದ ಹಾಗೆ ನನ್ನ ಕಿವಿಗೆ ಬಾಯಿಟ್ಟಳು.

"ಅತ್ತೆ, ಅದು ಬಿದ್ದಾಗ ನೀನು ಕೆಳಗೆ ನೋಡ್ಲೇ ಇಲ್ಲ."